ಹವ್ಯಾಸ: ಸಮಾಜಸೇವೆ

ನಮ್ಮ ಬಡಾವಣೆಯ ಬಸ್ ಸ್ಟಾಪಿನ ಮುಂದೆ ಮೊನ್ನೆ ರಾತ್ರೋರಾತ್ರಿ ಶಾಸಕರು ಎದ್ದು ನಿಂತಿದ್ದಾರೆ. ಇಪ್ಪತ್ತು ಅಡಿ ಎತ್ತರ. ಬಿಳಿ ಅಂಗಿ, ಮುಗಿದ ಕೈ, ಬೆನ್ನ ಹಿಂದೆ ವಿಧಾನಸೌಧ, ಅದರ ಹಿಂದೆ ಹಿಮಾಲಯ. ಕಲಬುರಗಿಯಲ್ಲಿ ಹಿಮಾಲಯ ಯಾಕೆ ಅಂತ ಕೇಳಬೇಡಿ. ಈ ಬಿಸಿಲಲ್ಲಿ ಫ್ಲೆಕ್ಸ್ ಅಂಗಡಿ ಹುಡುಗನಿಗೂ ಸ್ವಲ್ಪ ತಂಪು ಬೇಕಲ್ವಾ?

ಹುಟ್ಟುಹಬ್ಬ. ನಿಮ್ಮ ಓಣಿಯಲ್ಲೂ ಒಂದು ನಿಂತಿರುತ್ತದೆ ಬಿಡಿ. ಈ ಸಲದ ವಿಶೇಷ ಅಂದರೆ ಮನೆಮನೆಗೆ ಒಂದು ಬಣ್ಣದ ಪುಸ್ತಿಕೆಯೂ ಬಂದಿದೆ. ಶಾಸಕರ ಪರಿಚಯ ಮತ್ತು ಸೇವೆ. ಪೇಪರಿನವನು ಪೇಪರಿನ ಒಳಗೆ ಮಡಚಿ ಹಾಕಿಹೋಗಿದ್ದ. ಮೊದಲ ಪುಟದಲ್ಲೇ ಇತ್ತು: ವೃತ್ತಿ, ವ್ಯವಸಾಯ. ಹವ್ಯಾಸ, ಸಮಾಜಸೇವೆ.

ಚಹಾ ಆರಿಹೋಯಿತು, ನಾನು ಮುಂದಿನ ಸಾಲಿಗೆ ಹೋಗಲಿಲ್ಲ. ಎಂಥ ಪ್ರಾಮಾಣಿಕ ಮನುಷ್ಯ! ನನ್ನ ಭಾಮೈದನಿಗೆ ಅಂಚೆಚೀಟಿ ಕೂಡಿಡುವ ಹವ್ಯಾಸ ಇತ್ತು. ರಜೆ ಸಿಕ್ಕಾಗ ಡಬ್ಬಿ ತೆಗೆಯುತ್ತಿದ್ದ, ಒಂದೊಂದನ್ನೇ ನೋಡುತ್ತಿದ್ದ, ಊದಿ ಧೂಳು ಹಾರಿಸಿ ಮತ್ತೆ ಮುಚ್ಚಿಡುತ್ತಿದ್ದ. ನಮ್ಮ ಕ್ಷೇತ್ರವೂ ಅಂಥದ್ದೇ ಡಬ್ಬಿ. ಐದು ವರ್ಷಕ್ಕೊಮ್ಮೆ ಮುಚ್ಚಳ ತೆಗೆಯುತ್ತಾರೆ. ಧೂಳು ಮಾತ್ರ ಹಾಗೇ ಇದೆ.

ಇನ್ನು ವ್ಯವಸಾಯ. ಟ್ರ್ಯಾಕ್ಟರ್ ಮೇಲೆ ಕೂತ ಫೋಟೋ ಇದೆ. ಹೆಗಲ ಮೇಲಿನ ಟವೆಲ್ಲಿನ ಅಂಗಡಿ ಮಡಿಕೆಯೂ ಬಿಚ್ಚಿಲ್ಲ. ತೊಗರಿಗೆ ನೆಟೆ ರೋಗ ಬಂದಿದೆ ಸಾಹೇಬ್ರೇ ಅಂದರೆ ಜಿಲ್ಲಾಸ್ಪತ್ರೆಗೆ ಪತ್ರ ಬರೆದಾರು.

ಪುಸ್ತಿಕೆ ಓದಿದವರು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ನಮೂನೆ 26. 2002ರಲ್ಲಿ ಸುಪ್ರೀಂ ಕೋರ್ಟು ಅಭ್ಯರ್ಥಿಗಳ ಓದು, ಆಸ್ತಿ, ಕೇಸು ಎಲ್ಲ ಜನರಿಗೆ ಗೊತ್ತಾಗಬೇಕು ಅಂದ ಪುಣ್ಯ, ನಮಗೆ ಒಬ್ಬನೇ ಮನುಷ್ಯನ ಎರಡು ಜೀವನಚರಿತ್ರೆ ಓದುವ ಭಾಗ್ಯ ಸಿಕ್ಕಿದೆ. ಪುಸ್ತಿಕೆಯಲ್ಲಿ ಪದವೀಧರ, ಪ್ರಮಾಣಪತ್ರದಲ್ಲಿ ಪಿಯುಸಿ. ಇಲ್ಲಿ ಬಡ ರೈತ ಕುಟುಂಬದ ಕುಡಿ, ಅಲ್ಲಿ ಆಸ್ತಿ ಬರೆಯಲು ಹಾಳೆ ಸಾಲದೆ ಪ್ರತ್ಯೇಕ ಪಟ್ಟಿ. ಅಲ್ಲಿ ಮೂರು ಕೇಸು, ಇಲ್ಲಿ ಅದೇ 'ಹೋರಾಟದ ಬದುಕು'. ಆದರೂ ಒಂದು ಸಾಲು ಓದಿ ನನಗೆ ಕರುಳು ಚುರುಕ್ ಅಂದಿತು. ಸ್ವಂತ ವಾಹನ: ಇಲ್ಲ. ಹಿಂದೆ ಮುಂದೆ ಓಡುವ ಆರು ಇನ್ನೋವಾ ಯಾರವೋ ಏನೋ. ದಾರಿಯಲ್ಲಿ ನಿಂತು ಕೈ ಮಾಡಿದ್ದಕ್ಕೆ ಹತ್ತಿಸಿಕೊಂಡಿರಬೇಕು.

ನಾಲ್ಕನೇ ಪುಟದಲ್ಲಿ ಇವರು '371(ಜೆ) ರೂವಾರಿ'. ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ, ಸ್ಥಳೀಯರಿಗೆ ಓದು ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ ವಿಧಿ. ಈ ರೂವಾರಿಗಳನ್ನು ಎಣಿಸಲು ನಾನು ಒಮ್ಮೆ ಪ್ರಯತ್ನಪಟ್ಟಿದ್ದೆ. ಬೀದರಿನಿಂದ ಯಾದಗಿರಿಯವರೆಗೆ ರಸ್ತೆ ಬದಿಯ ಫ್ಲೆಕ್ಸ್ ನೋಡುತ್ತಾ ಹೋದರೆ ಕಲಬುರಗಿ ದಾಟುವಷ್ಟರಲ್ಲಿ ಕೈಬೆರಳು ಮುಗಿದವು. ಸಂಸತ್ತು ಆ 98ನೇ ತಿದ್ದುಪಡಿ ಪಾಸು ಮಾಡಿದ್ದು 2012ರ ಕೊನೆಗೆ. ಆಗ ಇವರು ಶಾಸಕರಾಗಿರಲಿಲ್ಲ, ಯಾವ ಪಕ್ಷ ಅಂತಲೂ ಖಚಿತವಿರಲಿಲ್ಲ. ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದ ವೈಜನಾಥ ಪಾಟೀಲರ ಹೆಸರು ಯಾವ ಫ್ಲೆಕ್ಸಿನ ಮೂಲೆಯಲ್ಲೂ ಕಾಣಲಿಲ್ಲ. ಮೂಲೆಯಲ್ಲಿ ಜಾಗ ಎಲ್ಲಿದೆ? ಅಲ್ಲಿ ಶುಭಕೋರುವ ಹದಿನೆಂಟು ಜನ ಮೊಬೈಲ್ ಕಿವಿಗಿಟ್ಟುಕೊಂಡು ನಿಂತಿದ್ದಾರೆ.

ಸೇವೆ ಮಾಡಿ ದಣಿದವರಿಗೆ ಏನಾದರೂ ಕೊಡಬೇಕಲ್ಲ. 2025ರ ಫೆಬ್ರವರಿಯಲ್ಲಿ ಶಾಸಕರಿಗೆ ಊಟದ ನಂತರ ಒರಗಿಕೊಳ್ಳಲು ರಿಕ್ಲೈನರ್ ಕುರ್ಚಿ ಹಾಕಿಸುವ ಮಾತು ಬಂತು. ಮಾರ್ಚ್‌ನಲ್ಲಿ ಸಂಬಳ 40 ಸಾವಿರದಿಂದ 80 ಸಾವಿರ ಆಯಿತು. ಅವತ್ತು ಸದನದಲ್ಲಿ ಎಷ್ಟು ಗದ್ದಲ ಅಂದರೆ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಅಷ್ಟು ಗದ್ದಲದಲ್ಲೂ ಸಂಬಳದ ಮಸೂದೆಗೆ ಒಂದು ಗೀರೂ ಬೀಳಲಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಕಲಬುರಗಿ ರಾಜ್ಯಕ್ಕೇ ಕೊನೆ, ಶೇ 42.43. ಅದರ ಹಿಂದಿನ ವರ್ಷ ಕೊನೆ ಯಾರು? ಯಾದಗಿರಿ. 371(ಜೆ) ಬಂದಮೇಲೆ ಕೊನೆಯ ಸ್ಥಾನವನ್ನೂ ಸ್ಥಳೀಯರಿಗೇ ಮೀಸಲಿಟ್ಟ ಹಾಗಿದೆ, ಹೊರಗಿನವರಿಗೆ ಬಿಟ್ಟುಕೊಡುತ್ತಿಲ್ಲ.

ಇದು ತಮಾಷೆ ಅಲ್ಲ, ನನಗೆ ಗೊತ್ತು. ನೂರು ಮಕ್ಕಳು ಕೂತರೆ ಐವತ್ತೇಳು ಮಕ್ಕಳು ಫೇಲು. ನಮ್ಮ ಮಕ್ಕಳೇನು ದಡ್ಡರಾ? ಗಣಿತಕ್ಕೆ ಮಾಸ್ತರಿಲ್ಲ, ಇದ್ದ ಅತಿಥಿ ಶಿಕ್ಷಕನಿಗೆ ತಿಂಗಳ ಸಂಬಳ ತಿಂಗಳಿಗೆ ಬರಲ್ಲ. ಫೇಲಾದ ಹುಡುಗ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಬಟ್ಟೆಯಲ್ಲಿ ಕಟ್ಟಿದ ಕಟಕ್ ರೊಟ್ಟಿ ಇಟ್ಟುಕೊಂಡು ಯಾದಗಿರಿ ಸ್ಟೇಷನ್ನಿನಲ್ಲಿ ಬೆಂಗಳೂರು ರೈಲಿಗೆ ಕಾಯುತ್ತಾನೆ. ಅಲ್ಲಿ ಅವನು ಇಟ್ಟಿಗೆ ಹೊರುತ್ತಾನೆ. ಪುಸ್ತಿಕೆಯ ಹದಿನಾರು ಪುಟದಲ್ಲಿ ಅವನ ಬಗ್ಗೆ ಒಂದು ಸಾಲಿಲ್ಲ. ಶಾಸಕರು ಕೇಕ್ ಕತ್ತರಿಸುವ ಫೋಟೋ ಐದಿವೆ.

ಇರಲಿ. ಸೇವೆಯ ಪುಟಕ್ಕೆ ಬರೋಣ. ಅಲ್ಲಿರುವುದು ನಮ್ಮ ಬಸ್ ತಂಗುದಾಣವೇ. 'ಸ್ವಂತ ಆಸಕ್ತಿಯಿಂದ ನಿರ್ಮಿಸಿಕೊಟ್ಟಿದ್ದು.' ಶಾಸಕರ ನಿಧಿಗೆ ವರ್ಷಕ್ಕೆ 2 ಕೋಟಿ ಬರುತ್ತದೆ, ಅದು ನಮ್ಮದೇ ದುಡ್ಡು. ಆಸಕ್ತಿ ಮಾತ್ರ ಸ್ವಂತದ್ದು, ಒಪ್ಪಿದೆ. ತಂಗುದಾಣದ ನೆತ್ತಿಯ ಮೇಲೆ ಅವರ ಹೆಸರು ಮೊಳದುದ್ದ, ಸ್ಟಾಪಿನ ಹೆಸರು ಗೇಣುದ್ದ. ಒಳಗೆ ಕಲ್ಲು ಬೆಂಚು ಒಂದೇ, ಅದರ ಮೇಲೆ ಮೂರು ಆಡು. ಬಸ್ಸು ಅಲ್ಲಿ ನಿಲ್ಲುವುದಿಲ್ಲ, ನಲವತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ. ಈಗಂತೂ ಫ್ಲೆಕ್ಸ್ ಅಡ್ಡ ಬಂದು ತಂಗುದಾಣವೇ ಕಾಣುತ್ತಿಲ್ಲ. ಶಾಸಕರ ಸೇವೆಯನ್ನು ಶಾಸಕರೇ ಮುಚ್ಚಿಹಾಕಿದ್ದಾರೆ.

ನಿನ್ನೆ ಮಧ್ಯಾಹ್ನ ಆ ಫ್ಲೆಕ್ಸಿನ ಬುಡದಲ್ಲಿ ಒಬ್ಬ ಅಜ್ಜಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

“ಇಲ್ಲ್ಯಾಕ ಕುಂತೀ ಯವ್ವಾ, ತಂಗುದಾಣ ಅದಲ್ಲ?”

“ಅಲ್ಲಿ ತಗಡು ಕಾಯ್ತದ ಯಪ್ಪಾ. ಇಂವ ಚೊಲೊ ಅದಾನ. ನೆಳ್ಳರೆ ಕೊಡ್ತಾನ.”

ಪಕ್ಕದ ಪಾನ್ ಡಬ್ಬಿಯವನು ತಲೆ ಹೊರಗೆ ಹಾಕಿದ. “ಸರ, ಹುಟ್ಟಹಬ್ಬ ಮುಗದ ಮ್ಯಾಲ ಈ ಫ್ಲೆಕ್ಸ್ ನಂದು. ಹೇಳಿಟ್ಟೀನಿ. ಮಳಿಗಾಲಕ್ಕ ಡಬ್ಬಿ ಮ್ಯಾಲ ಹೊಚ್ಚಬೇಕು.”

ಅಜ್ಜಿ ಬುಟ್ಟಿ ಬಿಟ್ಟು ಎದ್ದೇಬಿಟ್ಟಳು. ಅವಳ ಮನೆಯೂ ಸೋರುತ್ತದಂತೆ. ಅರ್ಧ ತಾಸು ಜಗಳ. ಕೊನೆಗೆ ನಡುವಿಗೆ ಹರಿದು ಅರ್ಧರ್ಧ ಹಂಚಿಕೊಳ್ಳುವುದು ಅಂತ ಆಯಿತು. ಹಿಮಾಲಯದ ಕಡೆಯದು ಅಜ್ಜಿಗೆ.