ಕಾರಿಲ್ಲದವರ ಲಾಲ್‌ಬಾಗ್

ಲಾಲ್‌ಬಾಗ್ ಬಂಡೆಗೆ ವಯಸ್ಸು ಸುಮಾರು 300 ಕೋಟಿ ವರ್ಷ. ಇಷ್ಟು ವರ್ಷ ಏನು ಮಾಡಿತು? ಸುಮ್ನೆ ಕೂತಿತ್ತು. ಅದೂ ಬೆಂಗಳೂರಿನ ನಟ್ಟನಡುವೆ, ಈ ರೇಟಿನ ಜಾಗದಲ್ಲಿ! ಚದರಡಿ ಲೆಕ್ಕ ಬಲ್ಲವರಿಗೆ ಹೊಟ್ಟೆ ಉರಿಯದೇ ಇರುತ್ತಾ? ಸರ್ಕಾರದವರೇ ಭೂವೈಜ್ಞಾನಿಕ ಸ್ಮಾರಕ ಎಂದು ಫಲಕ ಬೇರೆ ಹಾಕಿಸಿದ್ದಾರೆ. ಪಾಪ, ಆಗ ಸುರಂಗ ರಸ್ತೆಯ ಯೋಚನೆ ಯಾರಿಗೂ ಹೊಳೆದಿರಲಿಲ್ಲ.

ಸರ್ಕಾರದ ಸುರಂಗ ರಸ್ತೆ ಯೋಜನೆಯಲ್ಲಿ, ಹೆಬ್ಬಾಳದಲ್ಲಿ ನೆಲದೊಳಗೆ ಇಳಿದ ಕಾರು ಸಿಲ್ಕ್ ಬೋರ್ಡ್ ಮುಟ್ಟುವ ಮುಂಚೆ ಎಲ್ಲಾದರೂ ತಲೆ ಎತ್ತಬೇಕಲ್ಲ, ಲಾಲ್‌ಬಾಗಿನಲ್ಲೇ ಎತ್ತಲಿ ಎಂದರು. ಆರು ಎಕರೆ ಬೇಕು ಎಂದು ಸುದ್ದಿಯಾಯಿತು. ಗಲಾಟೆ ಆದ ಮೇಲೆ ಅಷ್ಟೆಲ್ಲ ಬೇಡ, ಚೂರು ಸಾಕು ಎಂದರು. ಅವರೆಕಾಯಿ ಗಾಡಿ ಮುಂದೆ ನಿಂತು ಚೌಕಾಸಿ ಮಾಡಿದ ಹಾಗೆ.

ಲಾಲ್‌ಬಾಗಿನ ಶಿಸ್ತು ನಿಮಗೆ ಗೊತ್ತೇ ಇದೆ. ಮೊನ್ನೆ ಒಬ್ಬ ಅಜ್ಜಿ ದಾರಿಯಲ್ಲಿ ಬಿದ್ದಿದ್ದ ಹೂ ಎತ್ತಿ ತುರುಬಿಗೆ ಸಿಕ್ಕಿಸಿಕೊಂಡರು. ಎಲ್ಲಿದ್ದನೋ, ಸೆಕ್ಯುರಿಟಿಯವನು ಸೀಟಿ ಊದಿಕೊಂಡು ಬಂದ. ‘ಕೆಳಗೆ ಬಿದ್ದಿತ್ತು ಕಣಪ್ಪಾ.’ ‘ಬಿದ್ದಿದ್ರೂ ಮುಟ್ಟಂಗಿಲ್ಲಮ್ಮ, ರೂಲ್ಸು.’ ಅಜ್ಜಿ ತುರುಬಿನಿಂದ ಹೂ ತೆಗೆದು, ಸಿಕ್ಕಿದ ಜಾಗದಲ್ಲೇ ಇಟ್ಟು ಹೋದರು. ಭಲೇ! ಸುರಂಗ ಕೊರೆಯುವ ಯಂತ್ರ ಬಂದಾಗಲೂ ಈ ಸೀಟಿ ಇಷ್ಟೇ ಜೋರಾಗಿ ಕೇಳಿಸಲಿ.

ಇನ್ನು, ಸುರಂಗ ಯಾಕೆ ಅಂದರೆ, ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲ್ಲ ಎಂದು 2025ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರೇ ಹೇಳಿದ ಮೇಲೆ ವಾದ ಮುಗಿಯಿತು. ಇದು ರಸ್ತೆ ಯೋಜನೆಯಲ್ಲ, ಕಲ್ಯಾಣ ಯೋಜನೆ. ಜಾತಕ, ಗೋತ್ರ, ಟೋಲ್ ರಸೀದಿ ಮೂರೂ ಕೂಡಿ ಬಂದರೆ ವಾಲಗ ಊದಿಸುವುದೇ. ಬಿಎಂಟಿಸಿಯಲ್ಲಿ ಜೋತಾಡುವ ಲಕ್ಷಾಂತರ ಜನಕ್ಕೆ ಹೆಣ್ಣು ಕೊಟ್ಟ ಪುಣ್ಯಾತ್ಮರು ಯಾರೋ, ಅವರಿಗೆ ಸನ್ಮಾನ ಆಗಬೇಕು.

ನಗು ಬರುತ್ತೆ, ನಿಜ. ಆದರೆ ಈ ಸುರಂಗದೊಳಗೆ ಸ್ಕೂಟರ್ ಬಿಡಲ್ಲ, ಬೈಕ್ ಬಿಡಲ್ಲ. ಊರಿನಲ್ಲಿ ಜಾಸ್ತಿ ಇರುವುದೇ ಅವು. ಖರ್ಚು ಮಾತ್ರ 17,000 ಕೋಟಿಗೂ ಮೇಲೆ, ಅದರಲ್ಲಿ ಎಲ್ಲರ ದುಡ್ಡೂ ಇದೆ. 2009ರಲ್ಲಿ ಮೆಟ್ರೋಗೆಂದು ಇದೇ ಲಾಲ್‌ಬಾಗಿನ ಗೋಡೆ ಒಡೆದಿರಿ, ಮರ ಕಡಿದಿರಿ. ಜನ ಅತ್ತರು, ಬೈದರು, ಕೊನೆಗೆ ಹೋಗಲಿ, ರೈಲಾದರೂ ಎಲ್ಲರಿಗೂ ಬರುತ್ತೆ ಎಂದು ಸುಮ್ಮನಾದರು. ಈಗ ಕಾರಿನವರು ನಾಲ್ಕು ನಿಮಿಷ ಬೇಗ ಹೋಗಲಿ ಅಂತ ಮತ್ತೆ ಕೈ ಚಾಚುತ್ತೀರಲ್ಲ, ಸಾಕಾಗಿ ಹೋಗಿದೆ ಸ್ವಾಮಿ. ಸುರಂಗ ಬೇಕು ಅಂತ ಬಸ್ ಸ್ಟಾಪಿನಲ್ಲಿ ನಿಂತವರು ಯಾರು ಕೇಳಿದ್ದರು? ಅವರು ಕೇಳಿದ್ದು ಬಸ್ಸು.