ಕೊಂಕಣ ಸುತ್ತಿ ಬ್ರೂಕ್ಲಿನ್‌ಗೆ

ರೈಲು ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ದೋಣಿ) ಹತ್ತುವುದನ್ನು ನೋಡಬೇಕಾ? ಪುರಾಣದಲ್ಲಿ ಹುಡುಕಬೇಡಿ, ನ್ಯೂಯಾರ್ಕ್‌ನಲ್ಲೇ ಇದೆ. ಬ್ರೂಕ್ಲಿನ್‌ನ 65ನೇ ಬೀದಿ ಯಾರ್ಡಿನಲ್ಲಿ ಹಳಿ ಸೀದಾ ನೀರಿನ ಅಂಚಿಗೆ ಹೋಗಿ ನಿಲ್ಲುತ್ತದೆ. ಆಚೆ ದಡದ ಜೆರ್ಸಿ ಸಿಟಿಯಿಂದ ಬಾರ್ಜ್ ತೇಲಿ ಬರುತ್ತದೆ. ಅದರ ಬೆನ್ನ ಮೇಲೂ ಹಳಿ. ಈ ಹಳಿಗೆ ಆ ಹಳಿ ಕೂಡಿಸಿ ವ್ಯಾಗನ್‌ಗಳನ್ನು ಮೆಲ್ಲಗೆ ಇಳಿಸುತ್ತಾರೆ. ಆ ಸಾಲಿಂದ ಸ್ವಲ್ಪ, ಈ ಸಾಲಿಂದ ಸ್ವಲ್ಪ. ಒಂದೇ ಕಡೆ ಭಾರ ಜಾಸ್ತಿಯಾದರೆ ಮಗುಚೀತು ಅನ್ನೋ ಭಯ.

ಬಾರ್ಜ್ ಬೇಡ ಅಂದರೆ ಹಡ್ಸನ್ ನದಿಗುಂಟ ಸುಮಾರು 140 ಮೈಲಿ ಉತ್ತರಕ್ಕೆ ಹೋಗಿ, ಸೆಲ್ಕರ್ಕ್ ಹತ್ತಿರ ಹೊಳೆ ದಾಟಿ, ಅಷ್ಟೇ ದೂರ ವಾಪಸ್ ಬರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಹೋದವನೇ ಇವರಿಗಿಂತ ವಾಸಿ.

1895ರಲ್ಲಿ ಅರ್ವಿಂಗ್ ಬುಷ್ ಎಂಬಾತ (ಅಧ್ಯಕ್ಷರಾದ ಬುಷ್‌ಗಳಿಗೂ ಇವನಿಗೂ ನಂಟಿಲ್ಲ) ಇದೇ ದಡದಲ್ಲಿ ಒಂದು ಧಕ್ಕೆ, ಒಂದಿಷ್ಟು ಗೋದಾಮು, ಒಂದು ಹಳೇ ಇಂಜಿನ್ ಇಟ್ಟುಕೊಂಡು ಟರ್ಮಿನಲ್ ಶುರು ಮಾಡಿದ. ಜನ ಅದಕ್ಕೆ 'ಬುಷ್‌ನ ಹುಚ್ಚು' ಅಂತ ಹೆಸರಿಟ್ಟರು. ನೀರು ದಾಟಿಸಿ ಅಲ್ಲಿಗೆ ಸರಕು ಕೊಡಲು ರೈಲ್ವೆ ಕಂಪನಿಗಳು ತಯಾರಿರಲಿಲ್ಲ. ಬುಷ್ ಅರ್ಜಿ ಹಿಡಿದು ಅಲೆಯಲಿಲ್ಲ. ಮಿಷಿಗನ್‌ಗೆ ಆಳು ಕಳಿಸಿ ನೂರು ವ್ಯಾಗನ್ ಒಣಹುಲ್ಲು ಕೊಳ್ಳಿಸಿದ. 'ಇದನ್ನು ನನ್ನ ಟರ್ಮಿನಲ್‌ಗೆ ತಲುಪಿಸೋರು ಯಾರು?' ಅಂತ ಕೇಳಿಸಿದ. ಒಬ್ಬೊಬ್ಬರೂ ಆಗಲ್ಲ ಅಂದರು. ಆದರೆ ನೂರು ವ್ಯಾಗನ್ ಬಾಡಿಗೆ ಕಣ್ಣೆದುರು ಬೇರೆಯವರ ಪಾಲಾಗುವುದನ್ನು ಎಷ್ಟು ದಿನ ನೋಡೋದು? ಬಾಲ್ಟಿಮೋರ್ ಅಂಡ್ ಒಹಾಯೊ ಕಂಪನಿ ಒಪ್ಪಿತು. ಉಳಿದವೂ ಹಿಂದೆಯೇ ಬಂದವು. ಹುಲ್ಲು ತಿನ್ನೋದು ದನ, ಬುದ್ಧಿ ಬಂದದ್ದು ರೈಲ್ವೆಗೆ. ಮುಂದೆ ಆ ಹುಚ್ಚಿಗೆ ತನ್ನದೇ ರೈಲು, ತನ್ನದೇ ಪೊಲೀಸು, ತನ್ನದೇ ಅಗ್ನಿಶಾಮಕ ದಳ.

ಇನ್ನು ಬುದ್ಧಿವಂತರ ಸರದಿ. ನ್ಯೂಯಾರ್ಕ್, ನ್ಯೂಜೆರ್ಸಿ ಎರಡು ರಾಜ್ಯ ಸೇರಿ 1921ರಲ್ಲಿ ಪೋರ್ಟ್ ಅಥಾರಿಟಿ (ಬಂದರು ಪ್ರಾಧಿಕಾರ) ಕಟ್ಟಿದವು. ಅದರ ಮುಂದಿದ್ದ ದೊಡ್ಡ ಕೆಲಸಗಳಲ್ಲಿ ಸರಕು ರೈಲಿಗೆ ನೀರಡಿಯ ಸುರಂಗವೂ ಒಂದು. ಅಥಾರಿಟಿ ಸುಮ್ನೆ ಕೂರಲಿಲ್ಲ, ಪಾಪ. 1931ರಲ್ಲಿ ಕಾರಿಗೆ ಜಾರ್ಜ್ ವಾಷಿಂಗ್ಟನ್ ಸೇತುವೆ. 1937ರಲ್ಲಿ ಕಾರಿಗೇ ಲಿಂಕನ್ ಸುರಂಗ. ಆಮೇಲೆ ವರ್ಲ್ಡ್ ಟ್ರೇಡ್ ಸೆಂಟರ್‌ನ 110 ಅಂತಸ್ತಿನ ಎರಡು ಗೋಪುರ. ಆಕಾಶಕ್ಕೆ ಏಣಿ ಹಾಕಿದರು, ನೀರಡಿ ರೈಲಿಗೆ ಮಾತ್ರ ವರದಿ ಮೇಲೆ ವರದಿ.

ನ್ಯೂಯಾರ್ಕ್ ಮೇಯರ್ ಹೈಲನ್ ಒಬ್ಬರು ನಿಜವಾಗಿಯೂ ಗುದ್ದಲಿ ಎತ್ತಿದ್ದರು ಅನ್ನಿ. ಬ್ರೂಕ್ಲಿನ್‌ನಿಂದ ಸ್ಟೇಟನ್ ಐಲೆಂಡ್‌ಗೆ ಸುರಂಗ ಅಂತ 1923ರಲ್ಲಿ ಶುರು, 1925ರಲ್ಲಿ ಬಂದ್. ಉಳಿದದ್ದು 'ಹೈಲನ್‌ನ ಗುಂಡಿಗಳು'. ಗುಂಡಿಗೆ ಮೇಯರ್ ಹೆಸರಿಡುವ ಪ್ರಾಮಾಣಿಕತೆ ನಮ್ಮ ಊರಿಗೆ ಬಂದರೆ ಹೆಸರುಗಳೇ ಸಾಲದು, ಅಲ್ವಾ?

ಬುಷ್‌ನ ಗೋದಾಮುಗಳಲ್ಲಿ ಈಗ ಅಂಗಡಿ, ಆಫೀಸು, ಕಾಫಿ. ಸುರಂಗದ ಕನಸು ಹೊತ್ತು ಹುಟ್ಟಿದ ಅಥಾರಿಟಿ, 87 ವರ್ಷ ಯೋಚಿಸಿ, 2008ರಲ್ಲಿ ಬಾರ್ಜ್ ಕಂಪನಿಯನ್ನೇ ಕೊಂಡುಕೊಂಡಿತು. ಆಮೇಲೆ ಹೊಸ ಬಾರ್ಜ್ ಕೂಡ ಮಾಡಿಸಿದೆ. 18 ವ್ಯಾಗನ್ ಹಿಡಿಸುತ್ತದಂತೆ.