‘ಕೂಲ್ ಹ್ಯಾಂಡ್ ಲ್ಯೂಕ್’: ಹರಿದಾಡುತ್ತಿರುವ ಮೆಸೇಜಿಗೆ ಒಂದು ಸ್ಪಷ್ಟನೆ

ಬೆಂಗಳೂರಿನ ಸಿನಿಮಾ ಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ. 1967ರ ಹಾಲಿವುಡ್ ಸಿನಿಮಾ ‘ಕೂಲ್ ಹ್ಯಾಂಡ್ ಲ್ಯೂಕ್’, ಕೊಲೆಗಾರನೊಬ್ಬ ಜೈಲಿನಲ್ಲಿ ದೇವರನ್ನು ಕಂಡುಕೊಳ್ಳುವ ಕಥೆಯಂತೆ, ಲ್ಯೂಕ್ ಪಾತ್ರ ಮಾಡಿದ ಪಾಲ್ ನ್ಯೂಮನ್‌ಗೆ ಅದಕ್ಕೇ ಆಸ್ಕರ್ ಬಂತಂತೆ. ಮೊನ್ನೆ ಜಯನಗರದ ಗೆಳೆಯರ ಮನೆಯಲ್ಲಿ ಆ ಸಿನಿಮಾ ಮತ್ತೆ ನೋಡಿದೆವು. ಮೆಸೇಜು ತಪ್ಪು.

ಲ್ಯೂಕ್ ಕೊಲೆಗಾರನಲ್ಲ. ಕುಡಿದ ಮತ್ತಿನಲ್ಲಿ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಲು ಕಾಸು ಹಾಕುವ ಪಾರ್ಕಿಂಗ್ ಮೀಟರ್‌ಗಳ ತಲೆ ಕತ್ತರಿಸಿ ಸಿಕ್ಕಿಬಿದ್ದವನು. ಆಸ್ಕರ್ ಬಂದದ್ದು ಪೋಷಕ ನಟ ಜಾರ್ಜ್ ಕೆನಡಿಗೆ. ನ್ಯೂಮನ್‌ಗೆ ನಾಮನಿರ್ದೇಶನ ಮಾತ್ರ.

ದೇವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯೇಸುವಿನ ಸಂಕೇತ ಇದೆ, ನಿಜ. ಪಂದ್ಯ ಕಟ್ಟಿ ಒಂದು ಗಂಟೆಯಲ್ಲಿ 50 ಮೊಟ್ಟೆ ತಿಂದ ಲ್ಯೂಕ್, ಶಿಲುಬೆಗೇರಿದವನ ಹಾಗೆ ಕೈ ಚಾಚಿ ಮೇಜಿನ ಮೇಲೆ ಮಲಗಿರುತ್ತಾನೆ. ಆದರೆ ಕೊನೆಯಲ್ಲಿ ಖಾಲಿ ಚರ್ಚಿನೊಳಗೆ ಅವನು ದೇವರನ್ನು ನೇರವಾಗಿ ಕೇಳುತ್ತಾನೆ. ಉತ್ತರ ಬರುವುದಿಲ್ಲ. ಪೊಲೀಸರು ಬರುತ್ತಾರೆ.

‘ಕೂಲ್ ಹ್ಯಾಂಡ್’ ಎಂಬ ಅವನ ಅಡ್ಡಹೆಸರು ಹುಟ್ಟಿದ್ದೇ ಇಸ್ಪೀಟಿನಲ್ಲಿ. ಕೈಯಲ್ಲಿ ಒಳ್ಳೆ ಎಲೆ ಒಂದೂ ಇಲ್ಲ, ಬರೀ ಧೈರ್ಯದಿಂದ ಗೆದ್ದ. ಇಡೀ ಸಿನಿಮಾದ ಬೀಗದ ಕೈ ಅದೇ ಅಲ್ವಾ? ಮೇಲಿಂದ ಯಾರೂ ಕಾಪಾಡಲ್ಲ, ಆದರೂ ಅವನು ಆಡುತ್ತಲೇ ಇರುತ್ತಾನೆ. ಜೈಲಿನಿಂದ ಓಡಿಹೋಗಿ ಸಿಕ್ಕಿಬಿದ್ದ ಅವನ ಕೈಲಿ ಕಾವಲುಗಾರರು ಗುಂಡಿ ತೋಡಿಸಿ, ಮುಚ್ಚಿಸಿ, ಮತ್ತೆ ತೋಡಿಸುತ್ತಾರೆ. ಅವನು ಮುರಿದುಬಿದ್ದು, ಕಾಲು ಹಿಡಿದು ಬೇಡುತ್ತಾನೆ. ನನಗೆ ಆ ದೃಶ್ಯವೇ ಜಾಸ್ತಿ ಮುಖ್ಯ. ಯಾಕೆಂದರೆ ಅಷ್ಟಾದ ಮೇಲೂ ಅವನು ಮತ್ತೆ ಓಡುತ್ತಾನೆ.

ಕನ್ನಡಿಯಂಥ ಕನ್ನಡಕ ಹಾಕಿದ ಆ ಕಾವಲುಗಾರನನ್ನೂ ಗಮನಿಸಿ. ಅವನ ಕಣ್ಣು ನಮಗೆ ಕಾಣುವುದೇ ಇಲ್ಲ. ಕೊನೆಗೆ ಆ ಕನ್ನಡಕ ಕಾರಿನ ಚಕ್ರದಡಿ ಪುಡಿಯಾಗುತ್ತದೆ.